ಮಂತ್ರಿಗಳು ಓದಿದ ಉತ್ತರ ಮತ್ತು ಜಲಜಕ್ಕನ ಹಾಸಿಗೆ

ಆರೋಗ್ಯ ಇಲಾಖೆಗೆ ಹೊಸದಾಗಿ ಸೇರಿದ ಕೆಲವರು ಈಗಲೂ ನನ್ನನ್ನು ಹುಡುಕಿಕೊಂಡು ಕಬಕಕ್ಕೆ ಬರುತ್ತಾರೆ. ಕಡತ ಹೇಗೆ ಬರೆಯಬೇಕು, ಮೇಲಿನವರ ಬೈಗುಳದಿಂದ ಹೇಗೆ ಪಾರಾಗಬೇಕು ಎಂದು ಕೇಳುತ್ತಾರೆ. ಬೈಗುಳದಿಂದ ಪಾರಾಗುವ ದಾರಿ ನನಗೆ ನಿವೃತ್ತಿಯ ದಿನದವರೆಗೂ ಸಿಗಲಿಲ್ಲ. ಕಡತ ಬರೆಯುವುದನ್ನು ಬೈಸಿಕೊಂಡೇ ಕಲಿಯಬೇಕು, ಬೇರೆ ಉಪಾಯ ಇಲ್ಲ. ನಾನು ಹೇಳಬಹುದಾದದ್ದು ಒಂದೇ ಮಾತು. ನೀವು ಯಾವುದೋ ಮೂಲೆಯಲ್ಲಿ ಕೂತು ಬರೆದ ಒಂದು ಸಾಲನ್ನು ಒಬ್ಬ ಮಂತ್ರಿ ಶಾಸನಸಭೆಯಲ್ಲಿ ಎದ್ದು ನಿಂತು ಓದಬಹುದು. ಒಮ್ಮೆ ಓದಿದರೆ ಅದು ಸರಕಾರದ ಮಾತಾಗುತ್ತದೆ. ಆಮೇಲೆ ಅದರ ಕೆಳಗೆ ಸಿಕ್ಕಿಕೊಂಡವರನ್ನು ಎಳೆದು ತೆಗೆಯುವುದು ಸುಲಭವಲ್ಲ.

ನಾನು ಆಸ್ಪತ್ರೆಯ ಗುಮಾಸ್ತನಾಗಿದ್ದೆ. ಬಡ್ತಿ ಸಿಕ್ಕಿತು, ತಡವಾಗಿ ಸಿಕ್ಕಿತು, ಅದರ ಬಗ್ಗೆ ಇಷ್ಟು ಸಾಕು. ಪುತ್ತೂರು ಸೀಮೆಯ ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಅಲ್ಲಿ ಕೆಲಸ ಮಾಡಿದವರ ಮಕ್ಕಳು ಮೊಮ್ಮಕ್ಕಳು ಇಲ್ಲೇ ಓಡಾಡುತ್ತಿದ್ದಾರೆ. ಆಗ ಸುಳ್ಯವೂ ಕಡಬವೂ ಪುತ್ತೂರು ತಾಲೂಕಿನ ಒಳಗೇ ಇದ್ದವು. ಸುಬ್ರಹ್ಮಣ್ಯದ ಕಡೆಯಿಂದ ರೋಗಿಯನ್ನು ಹೊತ್ತು ತಂದವರು ನಮ್ಮ ಜಗಲಿಗೆ ಮುಟ್ಟುವ ಹೊತ್ತಿಗೆ ಅವರೇ ಅರ್ಧ ರೋಗಿಗಳಾಗಿರುತ್ತಿದ್ದರು.

ನಮ್ಮ ಕಚೇರಿಯಲ್ಲಿ ಎರಡು ಹೆದರಿಕೆಗಳಿದ್ದವು. ಒಂದು ಆಡಿಟ್. ಅದು ಹೇಳಿ ಬರುತ್ತದೆ, ಉಂಡು ಹೋಗುತ್ತದೆ. ಇನ್ನೊಂದು ಅಸೆಂಬ್ಲಿ ಪ್ರಶ್ನೆ. ಅದು ತಂತಿಯಲ್ಲಿ ಬರುತ್ತಿತ್ತು. ಶಾಸನಸಭೆಯಲ್ಲಿ ಒಬ್ಬ ಸದಸ್ಯರು ಮಂತ್ರಿಗಳನ್ನು ಪ್ರಶ್ನೆ ಕೇಳುತ್ತಾರೆ. ಮಂತ್ರಿಗಳಿಗೆ ನಮ್ಮ ಆಸ್ಪತ್ರೆ ಯಾವ ದಿಕ್ಕಿನಲ್ಲಿ ಉಂಟೆಂದು ಗೊತ್ತಿರುವುದಿಲ್ಲ, ತಪ್ಪೂ ಅಲ್ಲ. ಅವರು ಕಾರ್ಯದರ್ಶಿಗಳನ್ನು ಕೇಳುತ್ತಾರೆ, ಕಾರ್ಯದರ್ಶಿಗಳು ನಿರ್ದೇಶಕರನ್ನು, ನಿರ್ದೇಶಕರು ಜಿಲ್ಲೆಯ ವೈದ್ಯಾಧಿಕಾರಿಗಳನ್ನು, ಅವರು ನಮ್ಮ ಡಾಕ್ಟರನ್ನು, ಡಾಕ್ಟರು ನನ್ನನ್ನು. ನನಗೆ ಕೇಳಲು ಕೆಳಗೆ ಯಾರೂ ಇರಲಿಲ್ಲವಾದ್ದರಿಂದ ನಾನು ಉತ್ತರ ಬರೆಯುತ್ತಿದ್ದೆ. ಉತ್ತರ ಅದೇ ಮೆಟ್ಟಿಲು ಹತ್ತಿ ಹೋಗಬೇಕು. ಪ್ರತಿ ಮೆಟ್ಟಿಲಿನಲ್ಲೂ ಒಂದಷ್ಟು ಉದುರುತ್ತದೆ. ನಾನು ಒಂದು ಪುಟ ಬರೆದರೆ ಸದನದಲ್ಲಿ ಮಂತ್ರಿಗಳು ಓದುವುದು ‘ಇಲ್ಲ’ ಎಂಬ ಒಂದೇ ಶಬ್ದ. ಪ್ರಶ್ನೆಯ ಎರಡನೆಯ ಭಾಗಕ್ಕೆ ‘ಉದ್ಭವಿಸುವುದಿಲ್ಲ’. ಸರಕಾರಿ ಕನ್ನಡದಲ್ಲಿ ಅಷ್ಟು ಹಿತವಾದ ಪದ ಮತ್ತೊಂದಿಲ್ಲ. ಹೊಸದರಲ್ಲಿ ನನಗೆ ಅದರ ಮೇಲೆ ಎಷ್ಟು ಪ್ರೀತಿ ಬಂದಿತ್ತೆಂದರೆ ಅಂಗಡಿಯ ಸಾಲ ಕೇಳಿದ ಹೆಂಡತಿಗೂ ಅದನ್ನೇ ಹೇಳಿ ನೋಡಿದ್ದೆ. ಮನೆಯಲ್ಲಿ ಅದು ನಡೆಯಲಿಲ್ಲ.

ಮಂತ್ರಿಯ ಮಾತಿನ ಭಾರ ನನಗೆ ಮೊದಲು ಗೊತ್ತಾದದ್ದು ಬಿಸಿನೀರಿನಿಂದ. ನಮ್ಮ ಕಡೆ ಬಾಣಂತಿಗೆ ಔಷಧ ಇಲ್ಲದಿದ್ದರೆ ನಡೆದೀತು, ಬಿಸಿನೀರು ಇಲ್ಲದಿದ್ದರೆ ನಡೆಯದು. ಹೆರಿಗೆ ವಾರ್ಡಿನ ಆಯಾ ಲೂಸಿ ಬಾಯಿ ಎಂಬವರು ಹಿತ್ತಿಲಲ್ಲಿ ಒಂದು ಹಂಡೆ ಇಟ್ಟು, ತಾವೇ ಸೌದೆ ಕೊಂಡು ತಂದು ನೀರು ಕಾಯಿಸುತ್ತಿದ್ದರು. ಕೊಡಕ್ಕೆ ಏನೋ ಚಿಲ್ಲರೆ ತೆಗೆದುಕೊಳ್ಳುತ್ತಿದ್ದರು. ಸೌದೆ ಪುಕ್ಕಟೆ ಬರುವುದಿಲ್ಲವಷ್ಟೆ. ಯಾರೋ ಇದನ್ನು ಸದಸ್ಯರೊಬ್ಬರ ಕಿವಿಗೆ ಹಾಕಿದರು. ಸರಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರಿಂದ ಬಿಸಿನೀರಿಗೆ ಹಣ ವಸೂಲು ಮಾಡುತ್ತಿರುವುದು ನಿಜವೇ ಎಂದು ಪ್ರಶ್ನೆ ಬಂತು. ಆಗಿನ ಡಾಕ್ಟರು ನಿವೃತ್ತಿಗೆ ಹತ್ತಿರವಾಗಿದ್ದ ಪುಕ್ಕಲು ಮನುಷ್ಯ. ಶುಲ್ಕವೂ ಇಲ್ಲ, ಅಂಥ ವ್ಯವಸ್ಥೆಯೂ ಇಲ್ಲ ಎಂದು ಬರೆಸಿದರು. ಮಂತ್ರಿಗಳು ಹಾಗೆಯೇ ಓದಿದರು. ಮುಂದಿನ ವಾರ ಮೇಲಿನಿಂದ ಆದೇಶ: ವ್ಯವಸ್ಥೆ ಇಲ್ಲವೆಂದು ಸದನಕ್ಕೆ ತಿಳಿಸಲಾಗಿದೆ, ಆದ್ದರಿಂದ ಹಂಡೆಯನ್ನು ತೆಗೆಯತಕ್ಕದ್ದು. ಹಂಡೆ ತೆಗೆದೆವು. ಬಾಣಂತಿಯರ ತಾಯಂದಿರು ಜಗಲಿಯಲ್ಲಿ ನಿಂತು ನಮ್ಮ ಏಳು ತಲೆಮಾರಿಗೂ ನೀರಿಳಿಸಿದರು. ಕೊನೆಗೆ ಎದುರಿನ ಚಾದಂಗಡಿಯ ಇಬ್ರಾಹಿಂ ಬ್ಯಾರಿಗಳು ತಮ್ಮ ಒಲೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು, ಬೇಕಾದವರು ತೆಗೆದುಕೊಂಡು ಹೋಗಿ ಎಂದರು. ಅವರು ಹಣ ಕೇಳಲಿಲ್ಲ. ಸದ್ಯ ಅವರ ಮೇಲೆ ಯಾರೂ ಪ್ರಶ್ನೆ ಹಾಕಲಿಲ್ಲ.

ರಾಜ್ಯ ಒಂದಾಗಿ ನಾವು ಮದರಾಸಿನಿಂದ ಮೈಸೂರಿಗೆ ಸೇರಿದ ಮೇಲೆ ಕೆಲಸದ ರೀತಿ ಬದಲಾಯಿತು. ಮೊದಲು ಯಾರು ಹಣ ಕೊಡಬೇಕು, ಯಾರು ಕೊಡಬೇಕಾಗಿಲ್ಲ ಎಂಬುದನ್ನು ಡಾಕ್ಟರು ಮುಖ ನೋಡಿ ಹೇಳುತ್ತಿದ್ದರು. ಹೊಸ ನಿಯಮದಲ್ಲಿ ಅದಕ್ಕೆಲ್ಲ ಆಧಾರ ಬೇಕು. ರೋಗಿಯ ಮನೆಯ ಯಜಮಾನನ ವರಮಾನ ಎಷ್ಟೆಂದು ಊರಿನ ಪಟೇಲರು ಬರೆದು ಕೊಡಬೇಕು. ವರಮಾನ ಕಡಿಮೆ ಇದ್ದವರಿಗೆ ಹಾಸಿಗೆ, ಊಟ, ಎಕ್ಸ್-ರೇ ಎಲ್ಲ ಉಚಿತ. ಉಳಿದವರು ಶುಲ್ಕ ಕೊಡಬೇಕು, ಕೊಡದಿದ್ದರೆ ಹಾಸಿಗೆ ಬಿಡಬೇಕು. ಬೆಂಗಳೂರಿನಲ್ಲಿ ಕೂತು ನೋಡಿದರೆ ಇದರಲ್ಲಿ ದೋಷ ಹುಡುಕಲಿಕ್ಕಾಗುವುದಿಲ್ಲ. ನಮ್ಮ ಊರಿಗೆ ಬಂದಾಗ ಜನ ಆ ಕಾಗದಕ್ಕೆ ‘ಬಡವರ ಚೀಟಿ’ ಎಂದು ಹೆಸರಿಟ್ಟರು. ಹೆಸರು ಬಿದ್ದ ಕೂಡಲೇ ಅದನ್ನು ತರುವವರು ಇಲ್ಲವಾದರು. ಪಟೇಲರ ಮುಂದೆ ನಿಂತು ನಾನು ಬಡವ ಎಂದು ಬರೆಸಿಕೊಂಡರೆ ಮರುದಿನ ಊರಿಗೆಲ್ಲ ಗೊತ್ತು. ಮಗಳಿಗೆ ಗಂಡು ಹುಡುಕುವವರು, ಅಂಗಡಿಯಲ್ಲಿ ಬಾಕಿ ಇದ್ದವರು ಯಾರೂ ಅದಕ್ಕೆ ತಯಾರಿರಲಿಲ್ಲ. ಸಾಲ ಮಾಡಿ ಶುಲ್ಕ ಕೊಟ್ಟರು. ಸಾಲ ಹುಟ್ಟದವರು ಆಸ್ಪತ್ರೆಗೇ ಬರಲಿಲ್ಲ. ಬಡವರಿಂದ ಶುಲ್ಕ ಪಡೆದಿಲ್ಲ ಎಂದು ನಾವು ವರ್ಷ ವರ್ಷ ವರದಿ ಕಳಿಸಿದೆವು. ಅದು ಸುಳ್ಳೂ ಆಗಿರಲಿಲ್ಲ.

ಈ ಹೊತ್ತಿಗೆ ನಮ್ಮಲ್ಲಿಗೆ ಡಾಕ್ಟರ್ ನಂಜುಂಡಯ್ಯ ಎಂಬವರು ಬಂದರು. ಮಂಡ್ಯದ ಕಡೆಯವರು. ನಮ್ಮ ಕುಚ್ಚಲಕ್ಕಿ ಅನ್ನವನ್ನು ಕಂಡರೆ ಅವರಿಗೆ ಆಗದು, ನಮ್ಮ ಮಳೆಯನ್ನು ಕಂಡರೆ ಇನ್ನೂ ಆಗದು. ಸಿಟ್ಟು ಮೂಗಿನ ತುದಿಯಲ್ಲಿ. ಬರೆದದ್ದು ಸರಿಯಾಗದಿದ್ದರೆ ಕಾಗದವನ್ನು ನನ್ನ ಕಡೆ ಎಸೆಯುತ್ತಿದ್ದರು, ನಾನು ಹೆಕ್ಕಿ ಕೊಟ್ಟರೆ ಥ್ಯಾಂಕ್ಸ್ ಹೇಳುತ್ತಿದ್ದರು. ಆದರೆ ವಾರ್ಡಿಗೆ ಹೋದರೆ ಬೇರೆಯೇ ಮನುಷ್ಯ. ಎಲುಬಿನ ಕೆಲಸದಲ್ಲಿ ಅವರ ಕೈ ಚೆನ್ನಾಗಿತ್ತು. ಮಂಗಳೂರಿಗೆ ಕಳಿಸಬೇಕಾದ ರೋಗಿಗಳನ್ನು ಇಲ್ಲೇ ಇಟ್ಟುಕೊಂಡು ವಾಸಿ ಮಾಡುತ್ತಿದ್ದರು.

ಜಲಜಕ್ಕ ಬಂದದ್ದು ಅವರ ಕಾಲದಲ್ಲಿ. ಸೊಂಟದ ಕೀಲಿಗೆ ಕ್ಷಯ. ಎಡಗಾಲು ಊರಲಿಕ್ಕಾಗುತ್ತಿರಲಿಲ್ಲ. ಗಂಡ ಕಾಂತಪ್ಪ ಬೆಳ್ಳಾರೆ–ಪುತ್ತೂರು ಬಸ್ಸಿನ ಕಂಡಕ್ಟರು. ಬೆಳ್ಳಾರೆಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಅವನೇ ಅವಳನ್ನು ಎತ್ತಿಕೊಂಡು ಬಸ್ಸಿನಿಂದ ಇಳಿಸಿದ. ಡಾಕ್ಟರು ನೋಡಿ, ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಕಟ್ಟಿ, ದಿನಾ ಸೂಜಿ ಕೊಟ್ಟು ತಿಂಗಳುಗಟ್ಟಲೆ ಮಲಗಿಸಬೇಕು ಎಂದರು. ಹಾಗೆ ಮಲಗಿದರೆ ನಡೆಯುತ್ತಾಳೆ, ನಡುವೆ ಬಿಟ್ಟರೆ ಆ ಕಾಲು ಹೋದಂತೆಯೇ. ಇದನ್ನು ಅವಳ ಎದುರಿಗೇ ಹೇಳಿದರು. ಅವಳು ಅಳಲಿಲ್ಲ, ಎಷ್ಟು ತಿಂಗಳು ಎಂದೂ ಕೇಳಲಿಲ್ಲ. ಆಸ್ಪತ್ರೆಯ ಸೀರೆಯ ಬದಲು ತನ್ನ ಸೀರೆ ಉಡಬಹುದೇ ಎಂದು ಮಾತ್ರ ಕೇಳಿದಳು.

ಆಮೇಲೆ ಪಟೇಲರ ಕಾಗದ ಬಂತು. ಓದಿ ನನಗೆ ತಲೆ ಬಿಸಿಯಾಯಿತು. ಜಲಜಕ್ಕ ರಾಮಕುಂಜದಿಂದ ಆಚೆಯ ಒಂದು ದೊಡ್ಡ ಬಂಟರ ಮನೆಯವಳು. ಅಳಿಯಸಂತಾನದ ಕುಟುಂಬ. ಅಲ್ಲಿ ಆಸ್ತಿ ತಾಯಿಯ ಕಡೆಯಿಂದ ಬರುವುದು. ಗಂಡ ಬೇರೆ ಮನೆಯವನು, ಅವನ ಸಂಬಳ ಅವನದ್ದು. ಹೆಣ್ಣಿನ ಮನೆಯ ಯಜಮಾನ ಎಂದರೆ ಅವಳ ಸೋದರಮಾವ. ಪಟೇಲರು ಸಂಪ್ರದಾಯದಂತೆ ಮಾವನ ಹೆಸರನ್ನೂ ಅವರ ಗೇಣಿಯ ಭತ್ತದ ವರಮಾನವನ್ನೂ ಬರೆದಿದ್ದರು. ರೋಗಿ ಆ ಸ್ವತ್ತಿನಲ್ಲಿ ಹಕ್ಕುಳ್ಳವಳು ಎಂದೂ ಸೇರಿಸಿದ್ದರು. ಒಂದಕ್ಷರ ಸುಳ್ಳಿಲ್ಲ. ಅವಳು ಮಾತ್ರ ಆ ಮನೆಯ ಒಂದು ಸೇರು ಅಕ್ಕಿ ಕಂಡು ವರ್ಷಗಳಾಗಿದ್ದವು. ಪಾಲು ಕೇಳುವ ಕಾನೂನು ಬಂದ ಮೇಲೆ ಅವಳ ತಾಯಿ ದಾವೆ ಹೂಡಿದ್ದರು. ತಾಯಿ ತೀರಿಕೊಂಡರೂ ದಾವೆ ಪುತ್ತೂರಿನ ಕೋರ್ಟಿನಲ್ಲಿ ಉಸಿರಾಡುತ್ತಿತ್ತು. ತೀರ್ಪು ಬರುವವರೆಗೆ ಮಾವ ಏನೂ ಕೊಡುವವರಲ್ಲ.

ಡಾಕ್ಟರಿಗೆ ಇದನ್ನು ತಿಳಿಸಿ ಹೇಳುವುದೇ ಒಂದು ಕೆಲಸವಾಯಿತು. ಗಂಡ ಬದುಕಿರುವಾಗ ಮಾವನ ವರಮಾನ ಯಾಕೆ ಎಂದು ಅವರು ಗದರಿದರು. ಮೇಜಿನ ಮೇಲಿದ್ದ ಮಸಿಕುಡಿಕೆಯನ್ನು ಅಜ್ಜಿ ಎಂದೂ ಪೇಪರ್‌ವೆಯ್ಟನ್ನು ಮಾವ ಎಂದೂ ಇಟ್ಟು ತೋರಿಸಿದೆ. ನಾನೇ ಅರೆಭಾಷೆಯ ಗೌಡ, ನಮ್ಮಲ್ಲಿ ಆಸ್ತಿ ತಂದೆಯಿಂದ ಮಗನಿಗೆ. ಆದರೆ ಇಂಥ ಮನೆಗಳ ನೆರೆಯಲ್ಲೇ ಬೆಳೆದವನು. ಅರ್ಧ ಗಂಟೆ ಆದ ಮೇಲೆ ಡಾಕ್ಟರು ಒಂದೇ ಮಾತು ಹೇಳಿದರು.

“ಗೌಡ್ರೆ, ಅಜ್ಜಿ ವಿಷಯ ಬಿಡಿ. ಆ ಹೆಣ್ಣುಮಗಳ ಕೈಗೆ ಏನು ಬರುತ್ತೆ?”

ಏನೂ ಇಲ್ಲ ಎಂದೆ. ಹಾಗಾದರೆ ಶುಲ್ಕ ಕೇಳಬೇಡಿ, ನಾನು ನೋಡಿಕೊಳ್ಳುತ್ತೇನೆ ಎಂದರು.

ಇದಕ್ಕೆ ನೇರವಾದ ದಾರಿ ಇನ್ನೊಂದಿತ್ತು. ಗಂಡನ ಸಂಬಳವನ್ನೇ ತೋರಿಸಿ ಬಡವಳು ಎಂದು ಬೇರೆ ಕಾಗದ ಬರೆಸುವುದು. ಕಾಂತಪ್ಪ ಒಪ್ಪಿದ. ಜಲಜಕ್ಕ ಒಪ್ಪಲಿಲ್ಲ. ನಾನು ಹಾಸಿಗೆಯ ಪಕ್ಕ ನಿಂತು ಕೇಳಿದಾಗ ಚಾವಣಿಯನ್ನೇ ನೋಡುತ್ತಾ, “ಹಾಗೆ ಬರೆದರೆ ದಾವೆ ಎಂತಕ್ಕೆ? ನಾನು ಬೇಡುದು ಅಲ್ಲ ಗುಮಾಸ್ತರೇ, ನನ್ನದು ನನಗುಂಟು,” ಎಂದಳು. ಅವಳ ಹಟ ಕಂಡು ನನಗೆ ಸಿಟ್ಟು ಬಂತು. ಅವಳ ಜಾಗದಲ್ಲಿ ನನ್ನ ತಂಗಿ ಇದ್ದಿದ್ದರೂ ಹಾಗೆಯೇ ಹೇಳುತ್ತಿದ್ದಳು ಎಂದು ಮನೆಗೆ ಹೋಗುವಾಗ ಅನ್ನಿಸಿತು.

ಪ್ರಶ್ನೆ ಬರಲು ಕಾರಣ ಕಾಂತಪ್ಪನೇ. ನಮ್ಮ ಕಡೆಯ ಶಾಸನಸಭಾ ಸದಸ್ಯರು ಒಂದು ದಿನ ಅವನ ಬಸ್ಸಿಗೆ ಹತ್ತಿದರು. ಟಿಕೇಟು ಹರಿದು ಕೊಟ್ಟು, ಪುತ್ತೂರು ಬರುವವರೆಗೂ ಅವರ ಸೀಟಿನ ಕಂಬಿ ಹಿಡಿದು ನಿಂತು ಎಲ್ಲ ಹೇಳಿದ. ಡಾಕ್ಟರು ಕೇಳದಿದ್ದರೂ ಪುಸ್ತಕದಲ್ಲಿ ಶುಲ್ಕದ ಬಾಕಿ ಏರುತ್ತಲೇ ಇತ್ತು, ಹೆಂಡತಿಯನ್ನು ಯಾವ ದಿನ ಆಸ್ಪತ್ರೆಯಿಂದ ಹೊರಗೆ ಹಾಕುತ್ತಾರೋ ಎಂಬ ಹೆದರಿಕೆ ಅವನದು. ಅವರು ಒಳ್ಳೆಯ ಮನಸ್ಸಿನಿಂದಲೇ ಪ್ರಶ್ನೆ ಹಾಕಿದರು: ಪುತ್ತೂರು ತಾಲೂಕಿನ ಆಸ್ಪತ್ರೆಯೊಂದರಲ್ಲಿ ಹಾಸಿಗೆ ಹಿಡಿದ ಮಹಿಳೆಗೆ ಮಾವನ ವರಮಾನದ ಮೇಲೆ ಶುಲ್ಕ ವಿಧಿಸಿರುವುದು ಮಂತ್ರಿಗಳ ಗಮನಕ್ಕೆ ಬಂದಿದೆಯೇ? ಬಂದಿದ್ದರೆ ವಿನಾಯಿತಿ ಕೊಡುವರೇ?

ತಂತಿ ಓದಿದಾಗ ನನಗೆ ಬಿಸಿನೀರಿನ ಹಂಡೆ ನೆನಪಾಯಿತು. ಮಂತ್ರಿಗಳು ಎದ್ದು ನಿಂತು ಇವಳು ಆಸ್ತಿವಂತಳು ಎಂದರೆ ಮುಗಿಯಿತು. ಆಮೇಲೆ ಈ ರಾಜ್ಯದ ಯಾವ ಡಾಕ್ಟರೂ ಅವಳನ್ನು ಉಚಿತವಾಗಿ ಮಲಗಿಸಲಾರ. ಡಾಕ್ಟರಿಗೂ ಅದು ಹೊಳೆಯಿತು. ಮಾವನಿಂದಲೇ, ಅವಳಿಗೆ ಏನೂ ಕೊಡುತ್ತಿಲ್ಲ ಎಂದು ಎರಡು ಸಾಲು ಬರೆಸಿ ತರಲು ನನ್ನನ್ನು ಕಳಿಸಿದರು. ಅವರಿಗೆ ನಮ್ಮ ಊರು ಇನ್ನೂ ಅರ್ಥವಾಗಿರಲಿಲ್ಲ. ನನಗೆ ಅರ್ಥವಾಗಿದ್ದರೂ ಹೋದೆ.

ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿ, ರಾಮಕುಂಜದ ಹತ್ತಿರ ಇಳಿದು ಗದ್ದೆಯ ಬದುವಿನಲ್ಲಿ ನಡೆದೆ. ಯಜಮಾನರು ಚಾವಡಿಯಲ್ಲಿ ಕೂತಿದ್ದರು. ನಾನು ಕೇಡಿಗನನ್ನು ನೋಡುವ ಮನಸ್ಸಿನಿಂದ ಹೋಗಿದ್ದೆ. ಅವರು ಬೆಲ್ಲ ನೀರು ಕೊಡಿಸಿ, ನನ್ನ ತಂದೆಯ ಹೆಸರು ಕೇಳಿ, ಊಟಕ್ಕೆ ಏಳಿಸಿದರು. ಜಲಜಳ ಕಾಲಿನ ವಿಷಯ ಕೇಳಿದಾಗ ಅವರ ಮುಖ ಸಣ್ಣದಾಯಿತು. ಅವಳು ಸಣ್ಣವಳಿದ್ದಾಗ ಇದೇ ಚಾವಡಿಯ ಕಂಬ ಹತ್ತುತ್ತಿದ್ದಳು ಎಂದರು. ನಾನು ಕಾಗದದ ವಿಷಯ ಎತ್ತಿದೆ.

“ಏನೂ ಕೊಡುದಿಲ್ಲ ಅಂತ ನಾನು ಬರೆದು ಕೊಟ್ಟರೆ ನಾಳೆ ಅವಳ ವಕೀಲ ಅದನ್ನೇ ಕೋರ್ಟಿನಲ್ಲಿ ಓದುದಿಲ್ಲವಾ? ಕೊಡ್ತೇನೆ ಅಂತ ಬರೆದರೆ ಅದೂ ಓದ್ತಾನೆ. ನೀವೇ ಹೇಳಿ ಮಾರಾಯ್ರೆ, ನಾನು ಎಂತ ಬರೆಯುದು?”

ದಾವೆ ಹಿಂದೆ ತೆಗೆದರೆ ಇವತ್ತೇ ಗಾಡಿ ಕಳಿಸಿ ಮನೆಗೆ ತರುತ್ತೇನೆ, ಮನೆಯ ಹೆಣ್ಣು ಮನೆಯಲ್ಲೇ ಮಲಗಲಿ ಎಂದರು. ಬಡವಳು ಎಂದು ಮಾತ್ರ ಎಲ್ಲೂ ಬರೆಯಬೇಡಿ, ಹಾಗೆ ಬರೆದರೆ ತಾನು ಈ ಚಾವಡಿಯಲ್ಲಿ ಕೂರುವುದು ಹೇಗೆ ಎಂದು ಕೈ ಹಿಡಿದು ಕೇಳಿದರು. ಸೋದರಮಾವ, ಸೋದರಸೊಸೆ ಇಬ್ಬರೂ ಒಂದೇ ಮಾತು ಹೇಳಿದರಲ್ಲ ಎಂದು ದಾರಿಯುದ್ದಕ್ಕೂ ನಗು ಬಂತು, ಸಂಕಟವೂ ಆಯಿತು.

ಬರಿಗೈಯಲ್ಲಿ ಬಂದೆ. ಡಾಕ್ಟರು ತಾವೇ ಟಿಪ್ಪಣಿ ಬರೆದರು. ರೋಗಿ ಆಸ್ತಿವಂತ ಕುಟುಂಬಕ್ಕೆ ಸೇರಿದವಳು. ಆದರೆ ಆ ಆಸ್ತಿಯಿಂದ ಅವಳ ಕೈಗೆ ಏನೂ ಬರುವುದಿಲ್ಲ. ಆದ್ದರಿಂದ ಶುಲ್ಕ ಪಡೆದಿಲ್ಲ, ವಿನಾಯಿತಿ ಕೊಡಬೇಕೆಂದು ನನ್ನ ಅಭಿಪ್ರಾಯ. ಇಷ್ಟನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಟೈಪು ಮಾಡಿ ಕಳಿಸಿದೆ.

ಮೆಟ್ಟಿಲುಗಳ ಮೇಲೆ ಏನಾಯಿತೆಂದು ಪತ್ರಿಕೆ ನೋಡಿದಾಗ ತಿಳಿಯಿತು. ‘ಆ ಮಹಿಳೆ ಆಸ್ತಿವಂತ ಕುಟುಂಬಕ್ಕೆ ಸೇರಿದವರು. ವಿನಾಯಿತಿಯ ಪ್ರಶ್ನೆ ಉದ್ಭವಿಸುವುದಿಲ್ಲ.’ ಮೊದಲ ಸಾಲು ಉಳಿದಿತ್ತು, ಉಳಿದದ್ದೆಲ್ಲ ಉದುರಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ. ಇನ್ನೊಬ್ಬ ಸದಸ್ಯರು ಎದ್ದು, ಆಸ್ತಿವಂತಳಾದರೆ ಇಷ್ಟು ದಿನ ಶುಲ್ಕ ಯಾಕೆ ಪಡೆದಿಲ್ಲ ಎಂದು ಉಪಪ್ರಶ್ನೆ ಹಾಕಿದರು. ಮಂತ್ರಿಗಳು ಸ್ಥಳದಲ್ಲೇ ಉತ್ತರಿಸಿದರು: ನಿಯಮ ಮೀರಿದ ವೈದ್ಯಾಧಿಕಾರಿಯ ಸಂಬಳದಿಂದ ಅದನ್ನು ವಸೂಲು ಮಾಡಲಾಗುವುದು.

ನಾನು ಪತ್ರಿಕೆಯನ್ನು ಮೇಜಿನ ಕೆಳಗೆ ಇಟ್ಟೆ. ಪ್ರಯೋಜನವಾಗಲಿಲ್ಲ. ಬಸ್ಸಿನಲ್ಲಿ ಅದೇ ಪತ್ರಿಕೆಯ ಕಟ್ಟು ಬಂದಿತ್ತು, ವಾರ್ಡಿನಲ್ಲಿ ಯಾರೋ ಗಟ್ಟಿಯಾಗಿ ಓದಿದ್ದರು. ಸಂಜೆ ಡಾಕ್ಟರು ಸುತ್ತು ಬಂದಾಗ ಜಲಜಕ್ಕ ಅವರನ್ನು ನಿಲ್ಲಿಸಿದಳು.

“ಡಾಕ್ಟ್ರೇ, ನಿಮ್ಮ ಮಕ್ಕಳ ಅನ್ನ ನಾನು ತಿನ್ನುದಿಲ್ಲ. ನನ್ನನ್ನು ಬಿಡಿ.”

ಪ್ಲಾಸ್ಟರ್ ಈಗ ಬಿಚ್ಚಿದರೆ ಕಾಲು ಹೋಗುತ್ತದೆ ಎಂದು ಅವರು ಕೂಗಾಡಿದರು. ಬಿಚ್ಚಬೇಡಿ, ಹೀಗೆಯೇ ಹೋಗುತ್ತೇನೆ ಎಂದಳು. ಮರುದಿನ ಬೆಳಿಗ್ಗೆ ಕಾಂತಪ್ಪನ ಬಸ್ಸು ಆಸ್ಪತ್ರೆಯ ಮುಂದೆ ನಿಂತಿತು. ಹಿಂದಿನ ಉದ್ದದ ಸೀಟಿನಲ್ಲಿದ್ದವರು ಯಾರೂ ಹೇಳದೆಯೇ ಎದ್ದು ನಿಂತರು. ಅವಳನ್ನು ಅಲ್ಲಿ ಅಡ್ಡ ಮಲಗಿಸಿದರು. ನನಗೆ ಅಳು ಬಂತು. ಗುಮಾಸ್ತ ಜಗಲಿಯಲ್ಲಿ ನಿಂತು ಅಳಬಾರದೆಂದು ಒಳಗೆ ಹೋದೆ.

ಆಮೇಲಿನ ಭಾನುವಾರಗಳಲ್ಲಿ ಡಾಕ್ಟರು ಚೀಲ ಹಿಡಿದು ಬೆಳ್ಳಾರೆಯ ಬಸ್ಸು ಹತ್ತಿದರು. ತರಕಾರಿಗೆ ಎಂದು ನನ್ನ ಹತ್ತಿರ ಹೇಳುತ್ತಿದ್ದರು. ಚೀಲದಲ್ಲಿ ಸೂಜಿ ಇರುತ್ತಿತ್ತು. ವಾರದ ಉಳಿದ ದಿನ ಅಲ್ಲಿಯದೇ ಒಬ್ಬ ಕಂಪೌಂಡರು ಸೂಜಿ ಕೊಡುತ್ತಿದ್ದರು. ಆದರೆ ಪ್ಲಾಸ್ಟರಿನ ಒಳಗೆ ಹುಣ್ಣಾಗತೊಡಗಿತ್ತು. ಅದನ್ನು ಬಿಚ್ಚಿ ಎಕ್ಸ್-ರೇ ತೆಗೆದು ಹೊಸದು ಕಟ್ಟಬೇಕು, ಅದಕ್ಕೆ ವಾರ್ಡೇ ಬೇಕು. ಅವಳು ಬರಲು ಒಪ್ಪುತ್ತಿರಲಿಲ್ಲ, ಒಪ್ಪಿದರೂ ನಾವು ಸೇರಿಸಿಕೊಳ್ಳುವಂತಿರಲಿಲ್ಲ. ಹೀಗೇ ಮುಂದುವರಿದರೆ ಕಾಲನ್ನೇ ತೆಗೆಯಬೇಕಾದೀತು ಎಂದು ಒಂದು ಸೋಮವಾರ ಡಾಕ್ಟರು ಹೇಳಿದರು.

ಅದೇ ವಾರ ಸಂಬಳದಿಂದ ವಸೂಲಿ ಮಾಡುವ ಮೆಮೊ ಬಂತು. ಏನಾದರೂ ಹೇಳುವುದಿದ್ದರೆ ಬರೆದು ಕಳಿಸಿ ಎಂದು ಕೆಳಗೆ ಒಂದು ಸಾಲು ಇತ್ತು. ಅಂಥ ಸಾಲಿಗೆ ಯಾರೂ ಉತ್ತರ ಬರೆಯುವುದಿಲ್ಲ. ಅದು ಮರ್ಯಾದೆಗೆ ಹಾಕುವ ಸಾಲು. ಡಾಕ್ಟರು ಬರೆದರು. ಹಣ ಕಡಿಯಿರಿ, ನನ್ನ ಆಕ್ಷೇಪ ಇಲ್ಲ. ಆದರೆ ಸದನಕ್ಕೆ ಹೋದದ್ದು ನನ್ನ ಉತ್ತರದ ಅರ್ಧ. ಉಳಿದ ಅರ್ಧವನ್ನು ನನ್ನ ಆಸ್ಪತ್ರೆ ಮತ್ತು ಮಾನ್ಯ ಮಂತ್ರಿಗಳ ನಡುವೆ ಯಾರೋ ತೆಗೆದಿದ್ದಾರೆ. ಮಂತ್ರಿಗಳು ಗೊತ್ತಿಲ್ಲದೆ ಸದನಕ್ಕೆ ತಪ್ಪು ತಿಳಿವಳಿಕೆ ಕೊಟ್ಟಂತಾಗಿದೆ.

ನಾನು ಟೈಪು ಅರ್ಧಕ್ಕೆ ನಿಲ್ಲಿಸಿದೆ. ಇದನ್ನು ಕಳಿಸಿದರೆ ನಿಮ್ಮನ್ನು ಬೀದರಿಗೆ ಹಾಕುತ್ತಾರೆ ಎಂದೆ. ಬೀದರಿನಲ್ಲಿ ಮಳೆಯಾದರೂ ಕಡಿಮೆ ಎಂದರು.

ಹೊಸಬರು ಇಲ್ಲಿ ಗಮನವಿಡಬೇಕು. ಸಾಧಾರಣ ಕಾಗದವಾಗಿದ್ದರೆ ಅದು ಎರಡನೆಯ ಮೆಟ್ಟಿಲಿನಲ್ಲೇ ತೀರಿಹೋಗುತ್ತಿತ್ತು. ಇದರಲ್ಲಿ, ನಡುವೆ ಯಾರೋ ತೆಗೆದಿದ್ದಾರೆ ಎಂದು ಬರೆದಿತ್ತು. ತಡೆದವನೇ ಆ ಯಾರೋ ಆಗಿಬಿಡುತ್ತಾನೆ ಎಂದು ಪ್ರತಿಯೊಬ್ಬರಿಗೂ ಹೆದರಿಕೆ. ಜಿಲ್ಲೆಯವರು ಬೆಂಕಿ ಮುಟ್ಟಿದವರ ಹಾಗೆ ಅದನ್ನು ನಿರ್ದೇಶಕರಿಗೆ ದಾಟಿಸಿದರು, ನಿರ್ದೇಶಕರು ಕಾರ್ಯದರ್ಶಿಗಳಿಗೆ. ನನ್ನ ಸೇವೆಯಲ್ಲಿ ಕೆಳಗೆ ಬರೆದ ಕಾಗದವೊಂದು ಒಂದಕ್ಷರ ಉದುರದೆ ಮಂತ್ರಿಯ ಮೇಜಿನವರೆಗೆ ಹೋದದ್ದು ಅದೊಂದೇ.

ಅತ್ತ ಕಾಂತಪ್ಪ ಮತ್ತೆ ಸದಸ್ಯರ ಮನೆಗೆ ಹೋಗಿದ್ದ. ತಮ್ಮ ಪ್ರಶ್ನೆಯಿಂದಲೇ ಅವಳು ಹಾಸಿಗೆ ಬಿಡಬೇಕಾಯಿತೆಂದು ಕೇಳಿ ಅವರಿಗೂ ನಾಚಿಕೆಯಾಗಿರಬೇಕು. ಅದೇ ವಿಷಯವನ್ನು ಮತ್ತೊಮ್ಮೆ ಸದನದಲ್ಲಿ ಎತ್ತಿದರು. ಈ ಸಲ ಮಂತ್ರಿಗಳ ಕೈಯಲ್ಲಿ ಡಾಕ್ಟರ ಕಾಗದವೂ ಇತ್ತು. ಕೆಳಗಿನವರು ತಪ್ಪು ಮಾಹಿತಿ ಕೊಟ್ಟರು ಎನ್ನಬಹುದಿತ್ತು, ಸದನ ಅದನ್ನು ಒಪ್ಪುತ್ತಿತ್ತು. ಪತ್ರಿಕೆಯಲ್ಲಿ ಬಂದ ಪ್ರಕಾರ ಅವರು, ಉತ್ತರ ಓದಿದವನು ನಾನು, ಅದು ಪೂರ್ತಿ ಇರಲಿಲ್ಲ, ತಪ್ಪು ನನ್ನದು ಎಂದರು. ಆ ಮಂತ್ರಿಗಳ ಬಗ್ಗೆ ಬೇರೆ ಹೆಚ್ಚು ಒಳ್ಳೆಯದನ್ನು ನಾನು ಕೇಳಿಲ್ಲ. ಈ ಒಂದು ಮಾತಿಗಾಗಿ ಅವರಿಗೆ ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಅದರ ಜೊತೆಗೆ ಅವರು ಸದನಕ್ಕೆ ಒಂದು ಭರವಸೆ ಕೊಟ್ಟರು. ಅದು ಆದೇಶವಾಗಿ ನಮಗೆ ಬಂತು. ಡಾಕ್ಟರ ಸಂಬಳದಿಂದ ಆಗಲೇ ಕಡಿದದ್ದು ವಾಪಸು ಬರಲಿಲ್ಲ. ಆದೇಶ ಇನ್ನು ಮುಂದಕ್ಕೆ ಮಾತ್ರ ಅನ್ವಯ ಎಂದು ಮೇಲಿನವರು ಹೇಳಿದರು. ಅವರು ಅದನ್ನು ಕೇಳಲೂ ಹೋಗಲಿಲ್ಲ. ಮೊದಲ ಬಸ್ಸಿಗೆ ನನ್ನನ್ನೂ ಕರೆದುಕೊಂಡು ಬೆಳ್ಳಾರೆಗೆ ಹೊರಟರು.

ಜಲಜಕ್ಕ ಕಿಟಕಿಯ ಹತ್ತಿರ ಮಲಗಿದ್ದಳು, ಮುಖ ಸೋತುಹೋಗಿತ್ತು. ಕೋಣೆಯಲ್ಲಿ ಹುಣ್ಣಿನ ವಾಸನೆ ಇತ್ತು. ಡಾಕ್ಟರು ನನ್ನ ಕಡೆ ನೋಡಿದರು. ವಾರ್ಡಿಗೆ ಬರಬಹುದು, ಈಗ ಶುಲ್ಕ ಇಲ್ಲ, ಯಾರ ಸಂಬಳವೂ ಕಡಿಯುವುದಿಲ್ಲ ಎಂದೆ. ಅವಳ ಕಣ್ಣು ಸಣ್ಣದಾಯಿತು.

“ಬಡವಳು ಅಂತ ಬರೆದರಾ?”

ಇಲ್ಲ ಎಂದೆ. ನಂಬಲಿಲ್ಲ. ಎಂತ ಬರೆದಿದ್ದಾರೆ, ಓದಿ ಎಂದಳು. ನಾನು ಕಾಗದ ತೆಗೆದು ಓದಿದೆ: “ರೋಗಿಗೆ ಹಕ್ಕಿರುವ, ಆದರೆ ಇತರರ ವಶದಲ್ಲಿದ್ದು ರೋಗಿಯ ಕೈಗೆ ಬಾರದಿರುವ ಸ್ವತ್ತಿನ ವರಮಾನವನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ.”

ಇನ್ನೊಮ್ಮೆ ಓದಿಸಿದಳು. ಈ ಸಲ ನಿಧಾನವಾಗಿ ಓದಿದೆ. ಹಕ್ಕಿರುವ ಎಂಬಲ್ಲಿ ಅವಳು ಕೈಯೆತ್ತಿ ನನ್ನನ್ನು ನಿಲ್ಲಿಸಿದಳು. ಅದು ಯಾರ ಮಾತು ಎಂದು ಕೇಳಿದಳು. ಮಂತ್ರಿಗಳದ್ದು, ಎಲ್ಲರ ಎದುರು ಸದನದಲ್ಲಿ ಹೇಳಿದ್ದಾರೆ ಎಂದೆ. ಇನ್ನು ಅದನ್ನು ಯಾರಿಗೂ ಹಿಂದೆ ತೆಗೆಯಲಿಕ್ಕೆ ಆಗುದಿಲ್ಲವಾ ಎಂದಳು. ಅಷ್ಟು ಸುಲಭವಲ್ಲ ಎಂದೆ. ಆಗ ಅಳಲು ಶುರು ಮಾಡಿದಳು. ಕಾಲು ಹೋಗುತ್ತದೆ ಎಂದಾಗ ಅಳದವಳು, ಬಸ್ಸಿನ ಸೀಟಿನಲ್ಲಿ ಅಡ್ಡ ಮಲಗಿಸಿದಾಗ ಅಳದವಳು, ಬಾಗಿಲಲ್ಲಿ ಅಕ್ಕಪಕ್ಕದವರು ಕೂಡುವಷ್ಟು ಗಟ್ಟಿಯಾಗಿ ಅತ್ತಳು. ಡಾಕ್ಟರು ಗೋಡೆಯ ಕಡೆ ತಿರುಗಿ ಚೀಲದಲ್ಲಿ ಏನನ್ನೋ ಹುಡುಕತೊಡಗಿದರು.

ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಗಂಡನನ್ನು ಕರೆದಳು.

“ಒಳ್ಳೆ ಸೀರೆ ತೆಗೆದುಕೊಡಿ. ಹೋಗುವ.”